ಕಡಲ ಸೊಪ್ಪಿನ ಸಾರು

ಹುರಿದ ಎಳ್ಳಿನ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಎದೆ ಬಿಗಿಯುತ್ತದೆ. ಭಾಷಣದಲ್ಲಿ ಬರುವ ಎದೆಯಲ್ಲ ಮತ್ತೆ, ಕುಪ್ಪಸದೊಳಗಿನ ಎದೆಯನ್ನೇ ಹೇಳುತ್ತಿದ್ದೇನೆ. ಹೋದ ತಿಂಗಳು ನೋವೈ ಊರಿನ ಕೊರಿಯನ್ ಅಂಗಡಿಯೊಂದಕ್ಕೆ ಎಲೆಕೋಸು ತರಲು ಹೋದಾಗ ಹೀಗೇ ಆಯಿತು. ಯಾರೋ ಹೆಂಗಸಿನ ಕೈಜಾರಿ ಎಣ್ಣೆಯ ಬಾಟಲಿ ಒಡೆದಿತ್ತು. ನೆಲದ ತುಂಬ ಎಣ್ಣೆ, ಅಂಗಡಿಯ ತುಂಬ ವಾಸನೆ, ಪಕ್ಕದ ಶೆಲ್ಫಿನಲ್ಲಿ ಒಣಗಿಸಿದ ಕಡಲ ಸೊಪ್ಪಿನ ಕಟ್ಟುಗಳು. ನಾನು ಗಾಡಿ ಹಿಡಿದು ನಿಂತಲ್ಲೇ ನಿಂತೆ. ನೆಲ ಒರೆಸುತ್ತಿದ್ದ ಹುಡುಗಿ, ಮ್ಯಾಮ್, ಆರ್ ಯೂ ಓಕೆ ಎಂದು ಕೇಳಿದಳು. ಓಕೆ ಎಂದೆ. ಎಲೆಕೋಸು ಮರೆತು ಮನೆಗೆ ಬಂದೆ.

ಅದು ಎರಡು ಸಾವಿರದ ಮೂರರ ಚಳಿಗಾಲ. ಆಗ ನಾವು ರಾಚೆಸ್ಟರ್ ಹಿಲ್ಸ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ, ಮೇಲಿನ ಅಂತಸ್ತಿನಲ್ಲಿದ್ದೆವು. ನನ್ನ ಗಂಡ ರಫೀಕ ಕಾರಿನ ಸೀಟುಗಳ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಇಬ್ಬರದೂ ರಾಣೆಬೆನ್ನೂರು ಕಡೆ, ಮನೆಯೊಳಗೂ ಕನ್ನಡವನ್ನೇ ಆಡುವ ಸಾಬರು ನಾವು. ಜನವರಿಯಲ್ಲಿ, ಎಂಟು ತಿಂಗಳು ತುಂಬಿದ ಮೇಲೆ, ಹೊಟ್ಟೆಯಲ್ಲಿ ಮಗು ಆಡುವುದು ನಿಂತಿತು. ಎಡಮಗ್ಗುಲು, ಬಲಮಗ್ಗುಲು, ತಣ್ಣನೆಯ ಜ್ಯೂಸು, ಎಲ್ಲ ಮಾಡಿ ನೋಡಿ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಸ್ಕ್ಯಾನಿಂಗಿನ ಪರದೆಯನ್ನು ನನಗೆ ಕಾಣದ ಹಾಗೆ ಆಚೆ ತಿರುಗಿಸಿದಳು. ಅಲ್ಲಿಗೇ ತಿಳಿಯಿತು. ಹೆರುವುದು ಮಾತ್ರ ತಪ್ಪಲಿಲ್ಲ. ಎಲ್ಲರ ಹಾಗೆಯೇ ಬೇನೆ ತಿಂದು, ಎಲ್ಲರ ಹಾಗೆಯೇ ಹೊಲಿಗೆ ಹಾಕಿಸಿಕೊಂಡು ಹೆತ್ತೆ. ಹೆಣ್ಣುಮಗು. ತಲೆ ತುಂಬ ಕೂದಲು, ರಫೀಕನ ಹುಬ್ಬು. ನರ್ಸು ಒರೆಸಿ, ಸುತ್ತಿ ಕೈಗೆ ಕೊಟ್ಟಳು, ಎತ್ತಿಕೊಂಡೆ. ಮರುದಿನ ರಫೀಕ ಮತ್ತು ಮಸೀದಿಯ ಕೆಲವು ಗಂಡಸರು ಹಿಮ ಗೋರಿ ಮಣ್ಣು ಕೊಟ್ಟು ಬಂದರು.

ನಾನು ಮನೆಗೆ ಬರುವಷ್ಟರಲ್ಲಿ ತೊಟ್ಟಿಲು ಇರಲಿಲ್ಲ. ಸಣ್ಣ ಅಂಗಿ, ಕಾಲುಚೀಲ, ಡಯಾಪರಿನ ಡಬ್ಬ, ಒಂದೂ ಇರಲಿಲ್ಲ. ನೋವೈನಿಂದ ವನಜಕ್ಕ ಬಂದು ಎಲ್ಲವನ್ನೂ ಪ್ಯಾಕ್ ಮಾಡಿ ತಮ್ಮ ಬೇಸ್‌ಮೆಂಟಿಗೆ ಸಾಗಿಸಿದ್ದರು. ಮೈಸೂರಿನವರು, ರಫೀಕನ ಜೊತೆ ಕೆಲಸ ಮಾಡುವವರ ಹೆಂಡತಿ, ನನಗೆ ಇಲ್ಲಿ ಅಕ್ಕ ಎಂದರೆ ಅವರೇ. ನನ್ನ ಕಣ್ಣಿಗೆ ಬೀಳದಿರಲಿ ಎಂದು ಮಾಡಿದ್ದು, ತಪ್ಪು ಹುಡುಕಲು ಹೋದರೆ ನನ್ನ ಬಾಯಿಗೇ ಹುಳ ಬೀಳಬೇಕು. ಬಿಸಿಬೇಳೆ ಭಾತು ತಂದು, ಪಕ್ಕದಲ್ಲಿ ಕೂತು, ಇನ್ನೂ ವಯಸ್ಸಿದೆ, ಮುಂದಿನ ವರ್ಷ ಇಷ್ಟು ಹೊತ್ತಿಗೆ ಮತ್ತೊಂದು ಎಂದರು. ಮಸೀದಿಯ ಹೆಂಗಸರೂ ಬಿರಿಯಾನಿ ತಂದು ಅದನ್ನೇ ಅಂದರು. ಆಮೇಲೆ ನನಗೆ ಇಬ್ಬರು ಮಕ್ಕಳಾದರು, ಅವರ ಮಾತು ಸುಳ್ಳಾಗಲಿಲ್ಲ. ಆದರೆ ಆ ಚಳಿಗಾಲದಲ್ಲಿ ನನಗೆ ಬೇಕಾಗಿದ್ದದ್ದು ಮುಂದಿನ ಮಗುವಾಗಿರಲಿಲ್ಲ.

ಒಂದು ದಿನ ನಾಚಿಕೆ ಬಿಟ್ಟು ವನಜಕ್ಕನನ್ನು ಕೇಳಿಯೇಬಿಟ್ಟೆ. ಸಬ್ಬಸಿಗೆ ಸೊಪ್ಪು ಸಿಕ್ಕರೆ ಪಲ್ಯ ಮಾಡಿ ತರುತ್ತೀರಾ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು ಮಾಡುತ್ತೀರಾ ಎಂದು. ಅದು ಬಾಣಂತಿಯ ಊಟ. ಅವರ ಮುಖ ಸಪ್ಪಗಾಯಿತು.

“ಅದೆಲ್ಲ ಯಾಕೀಗ ಕಣೆ? ಹಾಲು ಜಾಸ್ತಿಯಾಗತ್ತೆ, ಸುಮ್ನೆ ಹಿಂಸೆ. ನೀನು ನಾರ್ಮಲ್ ಊಟ ಮಾಡು, ನಾರ್ಮಲ್ ಆಗಿರು.”

ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಕೂಸಿಲ್ಲದ ಮನೆ ಎಂದು ಎದೆಯ ಹಾಲಿಗೆ ಯಾರು ಹೇಳಬೇಕು? ಅದು ತನ್ನ ಪಾಡಿಗೆ ಬಂದಿತ್ತು. ದುಪಟ್ಟಾ ಬಿಗಿದು ಕಟ್ಟಿಕೊಂಡು, ಬಾವು ಇಳಿಯಲೆಂದು ಫ್ರಿಜ್ಜಿನಲ್ಲಿಟ್ಟ ಎಲೆಕೋಸಿನ ಎಲೆಗಳನ್ನು ಒಳಗಿಟ್ಟುಕೊಂಡು ಕೂತಿರುತ್ತಿದ್ದೆ. ಆದರೆ ಹಾಲು ಬತ್ತಿದ ಮೇಲೂ ಯಾರೂ ಆ ಮಾತು ಎತ್ತಲಿಲ್ಲ. ಕಾಯಿಲೆಯವಳ ಹಾಗೆ ನೋಡಿಕೊಂಡರು, ಅಪಘಾತವಾದವಳ ಹಾಗೆ ನೋಡಿಕೊಂಡರು. ನಾನು ಹೆತ್ತಿದ್ದೆ. ಹೆತ್ತವಳನ್ನು ನಮ್ಮಲ್ಲಿ ಬಾಣಂತಿ ಅನ್ನುತ್ತಾರೆ. ಒಬ್ಬರಾದರೂ ನನ್ನನ್ನು ಆ ಹೆಸರಿನಿಂದ ಕರೆಯಲಿ ಎಂದು ಹಟ ಹಿಡಿದ ಮಗುವಿನ ಹಾಗೆ ಒಳಗೊಳಗೇ ಕಾಯುತ್ತಿದ್ದೆ. ಯಾರೂ ಕರೆಯದಿದ್ದರೆ ಆ ಹುಡುಗಿ ಹುಟ್ಟಿಯೇ ಇರಲಿಲ್ಲ ಎಂದಾಗುತ್ತದೆ ಎನ್ನುವುದು ನನ್ನ ಭಯ.

ಅವ್ವನಾದರೂ ಅನ್ನಬಹುದಿತ್ತು. ನನ್ನ ಬಾಣಂತನಕ್ಕೆಂದು ಫೆಬ್ರುವರಿಯಲ್ಲಿ ಬರುವವಳಿದ್ದಳು, ವೀಸಾ ಆಗಿತ್ತು. ಸುದ್ದಿ ತಿಳಿದ ಮೇಲೆ ಟಿಕೆಟ್ಟು ರದ್ದಾಯಿತು. ಅದೇ ತಿಂಗಳು ಊರಲ್ಲಿ ನನ್ನ ತಮ್ಮನ ಹೆಂಡತಿಗೆ ಗಂಡುಮಗು ಹುಟ್ಟಿತ್ತು. ಎಂದರೆ ನಾನು ಕೇಳುತ್ತಿದ್ದ ಊಟವನ್ನೇ ಅವ್ವ ದಿನಾ ಬೆಳಿಗ್ಗೆ ಎದ್ದು ಸೊಸೆಗೆ ಮಾಡಿ ಬಡಿಸುತ್ತಿದ್ದಳು. ಕಾಲಿಂಗ್ ಕಾರ್ಡಿನ ನಂಬರು ಒತ್ತಿ ಫೋನ್ ಮಾಡಿದರೆ, ಏನ್ ಉಂಡೀ ಎನ್ನುವಳು. ಅನ್ನ ಎನ್ನುವೆ. ನಿದ್ದಿ ಬರತೈತಿಲ್ಲೋ ಎನ್ನುವಳು. ಬರುತ್ತದೆ ಎನ್ನುವೆ. ಹಿಂದೆ ಕೂಸು ಅತ್ತರೆ, ಬೆಕ್ಕು ಒದರಾಕತ್ತೈತಿ ಎಂದು ಲಗುಬಗೆಯಿಂದ ಫೋನ್ ಇಡುವಳು. ನನ್ನ ಅವ್ವ ಹುಟ್ಟಾ ಸುಳ್ಳು ಹೇಳಲು ಬಾರದವಳು. ನನಗಾಗಿ ಬೆಕ್ಕನ್ನು ಸಾಕಿಕೊಂಡಿದ್ದಳು.

ಇನ್ನು ಹಾನ್ ಆಂಟಿ. ನಮ್ಮ ಕೆಳಗಿನ ಮನೆಯವಳು, ಕೊರಿಯಾದವಳು, ಗಂಡನ ಜೊತೆ ಬಟ್ಟೆ ಒಗೆದು ಇಸ್ತ್ರಿ ಮಾಡುವ, ಹರಿದದ್ದನ್ನು ಹೊಲಿದುಕೊಡುವ ಅಂಗಡಿ ನಡೆಸುತ್ತಿದ್ದಳು. ಅರವತ್ತು ದಾಟಿದ, ಗಿಡ್ಡನೆಯ, ಸಿಡುಕು ಮೋರೆಯ ಹೆಂಗಸು. ನಮ್ಮಿಬ್ಬರದು ಹಾವು ಮುಂಗುಸಿಯ ಸಂಬಂಧ. ನಾನು ಕಲ್ಲಿನ ಕುಟ್ಟಾಣಿಯಲ್ಲಿ ಶೇಂಗಾ ಚಟ್ನಿ ಕುಟ್ಟಿದರೆ ಆಕೆ ಪೊರಕೆಯ ಹಿಡಿಯಿಂದ ತನ್ನ ಸೂರಿಗೆ, ಎಂದರೆ ನನ್ನ ನೆಲಕ್ಕೆ, ಗುದ್ದುವಳು. ನಾನು ಇನ್ನೂ ಜೋರಾಗಿ ಕುಟ್ಟುವೆ. ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಗೋಡೆ ನೋಡಿಕೊಂಡು ಹೋಗುತ್ತಿದ್ದೆವು. ಆಕೆಯ ಇಂಗ್ಲಿಷು ನನ್ನದಕ್ಕಿಂತ ತುಂಡು. ಬಾಯಿದ್ದವ ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಇದ್ದ ನಾಲ್ಕು ಇಂಗ್ಲಿಷ್ ಮಾತಿನಲ್ಲೇ ಆಕೆ ಇಡೀ ಕಟ್ಟಡವನ್ನು ಅಂಕೆಯಲ್ಲಿಟ್ಟಿದ್ದಳು.

ಫೆಬ್ರುವರಿಯ ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಹಾನ್ ಆಂಟಿ. ಯಾವುದಕ್ಕೆ ಜಗಳ ತೆಗೆಯಲು ಬಂದಳೋ ಎಂದುಕೊಂಡೆ. ಆಕೆ ನನ್ನ ಹೊಟ್ಟೆ ನೋಡಿದಳು, ಮನೆಯ ಮೂಲೆ ಮೂಲೆ ನೋಡಿದಳು. ಟಕ್ ಟಕ್ ಇಲ್ಲ, ಬೇಬಿ ಅಳುವುದೂ ಇಲ್ಲ, ಯಾಕೆ ಎಂದು ನೇರವಾಗಿ ಕೇಳಿದಳು. ಹೇಳಿದೆ. ಹೆಣ್ಣುಮಗು ಎಂದೂ ಹೇಳಿದೆ. ಆಕೆ ಅಯ್ಯೋ ಅನ್ನಲಿಲ್ಲ, ಸಾರಿ ಅನ್ನಲಿಲ್ಲ. ಏನು ಊಟ ಮಾಡುತ್ತಿದ್ದೀಯ ಎಂದಳು. ಅನ್ನ ಎಂದೆ. ಮಿಯಕ್ ಸಾರು ಕುಡಿದೆಯಾ ಎಂದಳು. ಅದೇನೆಂದು ನನಗೆ ಗೊತ್ತಿರಲಿಲ್ಲ. ಕಡಲ ಸೊಪ್ಪಿನ ಸಾರು, ಕೊರಿಯಾದಲ್ಲಿ ಹೆತ್ತವರು ಕುಡಿಯುವುದು ಎಂದು ಕೈ ಬಾಯಿ ಮಾಡಿ ತಿಳಿಸಿದಳು. ನನಗೆ ಸಿಟ್ಟು ಬಂತು. ನನಗೆ ಕೂಸಿಲ್ಲ ಎಂದು ಈಗಷ್ಟೇ ಹೇಳಿದೆನಲ್ಲ ಎಂದೆ.

“ಬೇಬಿ ಎಲ್ಲಿಂದ ಬಂತು? ನಿನ್ನ ಹೊಟ್ಟೆಯಿಂದ ತಾನೆ? ಬೇಬಿ ಬಂತು, ನೀನು ಕುಡೀಬೇಕು. ಅಷ್ಟೆ.”

ಅಷ್ಟರಲ್ಲಿ ರಫೀಕ ಕೆಲಸದಿಂದ ಬಂದ. ಹಾನ್ ಆಂಟಿ ಅವನಿಗೆ ನಾಳೆ ಕಾರು ಬಿಟ್ಟು ಹೋಗಬೇಕೆಂದು ಅಪ್ಪಣೆ ಮಾಡಿದಳು. ತನ್ನ ವ್ಯಾನು ಗಂಡನಿಗೆ ಬೇಕು, ನಿಮ್ಮ ಕಾರನ್ನು ತಾನೇ ಡ್ರೈವ್ ಮಾಡುತ್ತೇನೆ ಎಂದಳು. ಆ ಸ್ವರಕ್ಕೆ ಎದುರಾಡುವ ಗಂಡು ಈ ಭೂಮಿಯ ಮೇಲೆ ಹುಟ್ಟಿಲ್ಲ. ರಫೀಕ ಗೆಳೆಯನಿಗೆ ಫೋನ್ ಮಾಡಿ ರೈಡ್ ಕೇಳಿದ.

ಮರುದಿನ ಹದಿನೈದು ಡಿಗ್ರಿ. ಫ್ಯಾರನ್‌ಹೀಟಿನ ಹದಿನೈದು, ಮೂಗಿನೊಳಗಿನ ಉಸಿರೂ ಗಟ್ಟಿಯಾಗುವ ಚಳಿ. ರಸ್ತೆಗೆಲ್ಲ ಉಪ್ಪು ಎರಚಿ ಕಾರುಗಳೆಲ್ಲ ಬೂದಿ ಬಳಿದುಕೊಂಡಂತಿದ್ದವು. ಆಕೆ ನನಗೆ ಎರಡೆರಡು ಕಾಲುಚೀಲ ತೊಡಿಸಿ, ಮೂಳೆಯೊಳಗೆ ಗಾಳಿ ಹೊಕ್ಕರೆ ಮುದುಕಿಯಾದಾಗ ಅಳುತ್ತೀಯ ಎಂದು ಗದರಿಸಿ, ಕಾರು ಹತ್ತಿಸಿದಳು. ಪಕ್ಕದ ಟ್ರಾಯ್ ಊರಿನಲ್ಲಿ ಆಕೆಯ ಗುರುತಿನ ಅಂಗಡಿಗೆ ಹೋದೆವು. ಒಳಗೆ ಕಾಲಿಟ್ಟರೆ ಒಣಮೀನಿನ ವಾಸನೆ, ಎಳ್ಳಿನ ವಾಸನೆ, ಕೋಸಿನ ರಾಶಿ. ಮೊದಲು ಎಳ್ಳೆಣ್ಣೆ ಆರಿಸಿದಳು, ಬಾಟಲಿಯನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿ. ಆಮೇಲೆ ಸಾರಿಗೆ ಹಾಕುವ ಸೋಯಾ ಸಾಸು. ನಾನು ಸಾಬರವಳು, ಮದ್ಯ ಮುಟ್ಟುವುದಿಲ್ಲ ಎಂದು ಆಕೆಗೆ ಹೇಗೆ ಗೊತ್ತಿತ್ತೋ, ಬಾಟಲಿಯ ಹಿಂದಿನ ಕೊರಿಯನ್ ಅಕ್ಷರದ ಮೇಲೆ ಬೆರಳಾಡಿಸಿ ಓದಿ, ನೋ ಆಲ್ಕೋಹಾಲ್ ಎಂದು ಬುಟ್ಟಿಗೆ ಹಾಕಿದಳು. ಬೆಳ್ಳುಳ್ಳಿ ತೆಗೆದುಕೊಂಡಳು. ನಾನು ಅಭ್ಯಾಸಬಲದಿಂದ ಈರುಳ್ಳಿಗೆ ಕೈ ಹಾಕಿದರೆ ಕೈ ಸರಿಸಿದಳು. ಹಸಿಮೆಣಸಿನಕಾಯಿಗೂ ಅದೇ ಗತಿ.

ಕಡಲ ಸೊಪ್ಪು ಹೊರಗೆ ಇಟ್ಟಿರಲಿಲ್ಲ. ಅಂಗಡಿಯ ಮುದುಕ ಒಳಗಿನಿಂದ ಎರಡೂ ಕೈಯಲ್ಲಿ ಹಿಡಿದು ತಂದ. ಒಬ್ಬಾಳುದ್ದಕ್ಕೆ ಸ್ವಲ್ಪ ಕಡಿಮೆ, ಕಪ್ಪಗೆ ಒಣಗಿದ ಪಟ್ಟಿಗಳು, ಹುಲ್ಲಿನ ಹುರಿಯಲ್ಲಿ ಕಟ್ಟಿದ್ದು. ನುಗ್ಗೆಕಾಯಿಯನ್ನು ನಡುವೆ ಮುರಿದು ಚೀಲಕ್ಕೆ ಹಾಕಿ ಗೊತ್ತಿದ್ದ ನಾನು ಒಂದು ತುದಿ ಹಿಡಿದು ಬಗ್ಗಿಸಹೋದೆ. ಹಾನ್ ಆಂಟಿ ಫಟ್ಟನೆ ಕೈಮೇಲೆ ಹೊಡೆದಳು. ಹೆತ್ತವಳಿಗೆಂದು ಕೊಳ್ಳುವ ಸೊಪ್ಪನ್ನು ಮಡಚಬಾರದು, ಮುರಿಯಬಾರದು, ಅಂಗಡಿಯವನೂ ಮುರಿಯುವುದಿಲ್ಲ, ಇಡಿಯಾಗಿಯೇ ಮನೆಗೆ ಹೋಗಬೇಕು. ಮುದುಕ ನನ್ನನ್ನು ನೋಡಿ ತನ್ನ ಭಾಷೆಯಲ್ಲಿ ಏನೋ ಕೇಳಿದ. ಆಕೆ ಒಂದೇ ಶಬ್ದದಲ್ಲಿ ಉತ್ತರ ಕೊಟ್ಟಳು. ಅವನು ನನಗೆ ತಲೆಬಾಗಿ ಕಟ್ಟನ್ನು ಕೈಗಿತ್ತ.

ಏನು ಕೇಳಿದ ಎಂದು ಹೊರಗೆ ಬಂದು ವಿಚಾರಿಸಿದೆ.

“ಗಂಡೋ ಹೆಣ್ಣೋ ಅಂತ ಕೇಳಿದ. ಹೆಣ್ಣು ಅಂದೆ.”

ಇಷ್ಟು ವಾರಗಳಲ್ಲಿ ಆ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ. ಬಂದವರೆಲ್ಲ ಅದರ ಸುತ್ತ ಬಳಸಿಕೊಂಡು ಹೋಗಿದ್ದರು. ಪಾರ್ಕಿಂಗ್ ಲಾಟಿನ ಆ ಗಾಳಿಯಲ್ಲಿ ಕಟ್ಟನ್ನು ಎದೆಗೊತ್ತಿಕೊಂಡು ನಿಂತೆ. ದುಃಖವೂ ಆಯಿತು, ಹೇಳಲು ನಾಚಿಕೆಯಿಲ್ಲ, ಹೆಮ್ಮೆಯೂ ಆಯಿತು.

ಉದ್ದನೆಯ ಸೊಪ್ಪು ಹಿಂದಿನ ಸೀಟಿನಲ್ಲಿ ಹಿಡಿಸಲಿಲ್ಲ. ಟ್ರಂಕು ತೆರೆದೆ. ಒಳಗೆ ಟೈರಿನ ಪಕ್ಕ ಒಂದು ರಟ್ಟಿನ ಡಬ್ಬ, ಮೇಲೆ ಅವ್ವನ ಸೀರೆಯ ಹಳೇ ತುಂಡು ಸುತ್ತಿತ್ತು. ಡಿಸೆಂಬರಿನಲ್ಲಿ ಊರಿನಿಂದ ಬಂದ ಯಾರದೋ ಕೈಲಿ ಅವ್ವ ಕಳಿಸಿದ ಡಬ್ಬ ಅದು. ಬಾಣಂತಿಗೆ ಉಂಡೆ ಕಟ್ಟಲೆಂದು ಅಳ್ವಿ, ಅಂಟು, ಒಣಕೊಬ್ಬರಿ, ಉತ್ತತ್ತಿ. ಎಲ್ಲದರ ಮೇಲೆ ಕೂಸಿಗೆ ತಲೆಯಿಂದ ಬೆನ್ನಿನವರೆಗೆ ಹೊದಿಸುವ ಕುಂಚಗಿ, ಕೆಂಪು ಅರಿವೆಯದು, ಅವ್ವನೇ ಹೊಲಿದದ್ದು. ವನಜಕ್ಕ ಒಯ್ದ ಸಾಮಾನಿನ ಜೊತೆ ಇದೂ ಹೋಯಿತೆಂದು ನಾನು ತಿಳಿದಿದ್ದೆ. ರಫೀಕ ಇದನ್ನು ಅಡಗಿಸಿ ದಿನಾ ಹೊತ್ತುಕೊಂಡು ಕೆಲಸಕ್ಕೆ ಹೋಗಿಬರುತ್ತಿದ್ದ. ಹಾನ್ ಆಂಟಿ ಕುಂಚಗಿಯನ್ನು ಎತ್ತಿ ನೋಡಿದಳು, ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದಳು. ತಾನೂ ಹೊಲಿಗೆಯವಳಲ್ಲವೆ, ಒಳ್ಳೆಯ ಕೈ ಎಂದಳು. ಯಾರು ಎಂದು ಕೇಳಿದಳು. ನನ್ನ ತಾಯಿ ಎಂದೆ. ಮೊದಲಿದ್ದ ಹಾಗೆಯೇ ಮಡಚಿಟ್ಟು, ಪಕ್ಕದಲ್ಲಿ ಸೊಪ್ಪನ್ನು ನೀಟಾಗಿ ಮಲಗಿಸಿ ಟ್ರಂಕು ಮುಚ್ಚಿದಳು.

ಮಾಂಸಕ್ಕೆ ಸ್ಟರ್ಲಿಂಗ್ ಹೈಟ್ಸ್‌ನ ಹಲಾಲ್ ಅಂಗಡಿಗೆ ಹೋದೆವು. ಅದು ನನ್ನ ಸೀಮೆ, ಅಲ್ಲಿ ನಾನೇ ಯಜಮಾನಿ ಎಂದುಕೊಂಡಿದ್ದೆ. ಆಕೆ ಅಲ್ಲೂ ಮುಂದೆ ನುಗ್ಗಿ, ಮೂರು ತುಂಡು ಬೇಡವೆಂದು, ನಾಲ್ಕನೆಯದನ್ನು ಬೆರಳಿನಿಂದ ಒತ್ತಿ ನೋಡಿ ಒಪ್ಪಿದಳು. ಇರಾಕಿನ ಕಸಾಯಿ, ಈಕೆ ನಿಮ್ಮ ಅತ್ತೆಯೋ ಎಂದು ನನ್ನನ್ನು ಕೇಳಿದ. ಇರಲಿ ಬಿಡು ಎಂದು ಹೌದೆಂದೆ. ದಾರಿಯಲ್ಲಿ ಹಾನ್ ಆಂಟಿ ಇನ್ನೊಂದು ವಿಷಯ ಹೇಳಿದಳು. ಅವರಲ್ಲಿ ಹುಟ್ಟಿದ ಹಬ್ಬಕ್ಕೆ ಕೇಕಿಗಿಂತ ಮೊದಲು ಇದೇ ಸಾರು. ಕೂಸು ಹುಟ್ಟಿದ ದಿನ ತಾಯಿ ಇದನ್ನು ಕುಡಿದಳು, ಆ ಬೇನೆ ನೆನಪಿರಲಿ ಎಂದು ಮಕ್ಕಳು ಮುದುಕರಾದರೂ ವರ್ಷಕ್ಕೊಮ್ಮೆ ಕುಡಿಯಬೇಕು. ನನ್ನ ಯಾವ ಹುಟ್ಟುಹಬ್ಬಕ್ಕೂ ನನಗೆ ಅವ್ವನ ಬೇನೆ ನೆನಪಾಗಿರಲಿಲ್ಲ. ಅಂದಿನಿಂದ ಅವ್ವನ ಮುಖ ಕಣ್ಣೆದುರಿನಿಂದ ಸರಿಯಲಿಲ್ಲ.

ಮನೆಗೆ ಬಂದು ಮಾಂಸವನ್ನು ತಣ್ಣೀರಲ್ಲಿಟ್ಟು, ಸೊಪ್ಪು ನೆನೆಹಾಕು ಎಂದು ಹೇಳಿ ಆಕೆ ದೊಡ್ಡ ಪಾತ್ರೆ ತರಲು ಕೆಳಗಿಳಿದಳು. ಎಷ್ಟು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೊಪ್ಪಿನ ವಿಷಯ ನಮಗೆ ಯಾರು ಕಲಿಸಬೇಕು? ಗಾಡಿ ತುಂಬ ಮೆಂತ್ಯ ತಂದರೂ ಬೆಂದ ಮೇಲೆ ಒಂದು ಹಿಡಿ. ಮೂವರಿಗೆ ಬೇಕೆಂದರೆ ಇಡೀ ಕಟ್ಟು ಬೇಕೇ ಬೇಕು ಎಂದು ಲೆಕ್ಕ ಹಾಕಿದೆ. ಮುರಿಯುವ ಹಾಗಿಲ್ಲ, ಸಿಂಕಿನಲ್ಲಿ ಉದ್ದ ಸಾಲದು. ಬಾತ್‌ಟಬ್ಬನ್ನು ಮೂರು ಸಲ ತಿಕ್ಕಿ ತೊಳೆದು, ನೀರು ಬಿಟ್ಟು, ಎಲ್ಲವನ್ನೂ ಅದರಲ್ಲಿ ಮಲಗಿಸಿ ಬೆಳ್ಳುಳ್ಳಿ ಬಿಡಿಸಲು ಕೂತೆ.

ಹಾನ್ ಆಂಟಿ ಪಾತ್ರೆ ಹಿಡಿದು ಬಂದು ಸೊಪ್ಪೆಲ್ಲಿ ಎಂದಳು. ತೋರಿಸಿದೆ. ಕಡ್ಡಿಯಂತಿದ್ದದ್ದು ಹಿಗ್ಗಿ, ಉಬ್ಬಿ, ಹಸಿರಾಗಿ, ಟಬ್ಬಿನ ಅಂಚು ಮೀರಿ ನೆಲಕ್ಕೆ ಇಳಿಯುತ್ತಿತ್ತು. ನಮ್ಮ ಬಚ್ಚಲಿಗೆ ಸಮುದ್ರವೇ ಬಂದು ಕೂತಿತ್ತು. ಇಡೀ ಕೊರಿಯಾ ಹೆತ್ತರೂ ಸಾಕಾಗುವಷ್ಟು! ಆಕೆ ತನ್ನ ಭಾಷೆಯಲ್ಲಿ ಏನೋ ಅಂದು, ಕಮೋಡಿನ ಮುಚ್ಚಳದ ಮೇಲೆ ಕುಸಿದು ಕೂತು ನಗತೊಡಗಿದಳು. ಆ ಸಿಡುಕು ಮೋರೆಯಲ್ಲಿ ನಗು ಇದ್ದದ್ದೇ ನನಗೆ ಗೊತ್ತಿರಲಿಲ್ಲ. ನನಗೂ ನಗು ಬಂತು. ಹೊಲಿಗೆ ಹಾಕಿದಲ್ಲಿ ಚುರುಕ್ಕೆಂದು ಎಳೆಯಿತು, ಆದರೂ ನಿಲ್ಲಲಿಲ್ಲ. ನಗುತ್ತ ನಗುತ್ತ ಅದು ಯಾವಾಗ ಅಳುವಾಯಿತೋ ತಿಳಿಯದು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಬಂದವರ ಮುಂದೆ ಕಣ್ಣೊರೆಸಿಕೊಂಡಿದ್ದೆ ಅಷ್ಟೆ. ಅಂದು ಬಚ್ಚಲ ನೆಲದ ಮೇಲೆ ಕೂತು ಊರಿನ ಹೆಂಗಸರ ಹಾಗೆ ಬಾಯಿಬಿಟ್ಟು, ನನ್ನ ಕೂಸನ್ನು ಕರೆದು ಕರೆದು ಅತ್ತೆ. ಹಾನ್ ಆಂಟಿ ಸಮಾಧಾನ ಹೇಳಲಿಲ್ಲ. ನಲ್ಲಿ ತಿರುಗಿಸಿ, ಸೊಪ್ಪನ್ನು ಕಂತೆ ಕಂತೆಯಾಗಿ ತೊಳೆದು ಹಿಂಡುತ್ತ ಪಕ್ಕದಲ್ಲೇ ಇದ್ದಳು.

ಅಳು ನಿಂತ ಮೇಲೆ ಅಡುಗೆ ಶುರುವಾಯಿತು. ಸೊಪ್ಪಿಗೆ ಚಾಕು ತಾಗಿಸಲಿಲ್ಲ, ಕೈಯಿಂದಲೇ ಹರಿದೆವು. ಪಾತ್ರೆಯಲ್ಲಿ ಎಳ್ಳೆಣ್ಣೆ ಬಿಸಿಮಾಡಿ ಮಾಂಸ ಬಾಡಿಸಿ, ಮೇಲೆ ಸೊಪ್ಪು ಹಾಕಿ ತಿರುವಿ, ಜಜ್ಜಿದ ಬೆಳ್ಳುಳ್ಳಿ, ನೀರು, ಸೋಯಾ ಸಾಸು. ಬೆಳ್ಳುಳ್ಳಿ ಜಜ್ಜಲು ಆಕೆಯೇ ನನ್ನ ಕುಟ್ಟಾಣಿ ಎತ್ತಿಕೊಂಡಳು. ಒಗ್ಗರಣೆಯಿಲ್ಲ, ಅರಿಸಿನವಿಲ್ಲ, ಖಾರವಿಲ್ಲ, ಇದೆಂಥ ಸಾರು ಎಂದು ಮನಸ್ಸಿನಲ್ಲೇ ಮೂಗು ಮುರಿದೆ. ಬಹಳ ಹೊತ್ತು ಕುದಿದ ಮೇಲೆ ಬಟ್ಟಲಿಗೆ ಹಾಕಿ ಅನ್ನದ ಜೊತೆ ಮುಂದಿಟ್ಟಳು. ಮೊದಲ ಗುಟುಕಿಗೇ ನಾಲಿಗೆಗೆ ಗುರುತು ಹತ್ತಿತು. ಖಾರ ಬಿಟ್ಟು, ಬೆಳ್ಳುಳ್ಳಿ ಮುಂದಾಗಿ, ಎಣ್ಣೆ ತೇಲುವ, ಹೊಟ್ಟೆಯೊಳಗೆ ಬೆಚ್ಚಗೆ ಇಳಿಯುವ ಈ ಊಟ ನನಗೆ ಗೊತ್ತಿದ್ದದ್ದೇ. ಆಕೆ ಎದುರಿಗೆ ಕೂತು, ಬಟ್ಟಲು ಬರಿದಾಗುವವರೆಗೂ ಕಾದು, ಮತ್ತೆ ತುಂಬಿಸಿ ಕೊಟ್ಟು ಕೆಳಗಿಳಿದು ಹೋದಳು.

ಸಂಜೆ ರಫೀಕ ಬಂದ. ನಾನು ಟ್ರಂಕಿನಿಂದ ತಂದು ಮೇಜಿನ ಮೇಲಿಟ್ಟಿದ್ದ ಅವ್ವನ ಡಬ್ಬ ಕಂಡು ಕೋಟು ಬಿಚ್ಚದೆ ನಿಂತ. ಕೇಳುವ ಮೊದಲೇ ಅವನೇ ಹೇಳಿದ.

“ಹೊರಗ ಒಗಿಯಾಕ ಕೈ ಬರಲಿಲ್ಲ. ಒಳಗ ತರಾಕ ಧೈರ್ಯ ಆಗಲಿಲ್ಲ. ಮತ್ತೆಲ್ಲಿ ಇಡಲಿ ನಾ?”

ಅವನಿಗೂ ಒಂದು ಬಟ್ಟಲು ಸಾರು ಹಾಕಿಕೊಟ್ಟೆ. ಕುಡಿಯುತ್ತ ಕುಡಿಯುತ್ತ ಅವನ ಭುಜ ಅಲುಗುತ್ತಿತ್ತು. ಅವನನ್ನೂ ಯಾರೂ ಅಪ್ಪ ಎಂದಿರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು. ಅವನ ಬೆನ್ನ ಮೇಲೆ ಕೈಯಿಟ್ಟು ಕೂತೆ.

ಆಮೇಲೆ ಅವ್ವನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗುತ್ತಿತ್ತು. ಏನ್ ಉಂಡೀ ಎಂದಳು, ಎಂದಿನ ಹಾಗೆ. ನಾನು ಅನ್ನ ಎನ್ನಲಿಲ್ಲ. ಕೆಳಗಿನ ಮನೆಯ ಹೆಂಗಸು ಅವರ ದೇಶದಲ್ಲಿ ಹಡೆದವರಿಗೆ ಮಾಡುವ ಸಾರು ಮಾಡಿಕೊಟ್ಟಳು, ಎ‌ರಡು ಬಟ್ಟಲು ಉಂಡೆ ಎಂದೆ. ಅವ್ವ ಒಂದೊಂದೇ ವಿಚಾರಿಸಿದಳು. ಏನೇನು ಹಾಕಿದ್ದಳು? ಕಡಲಾಗಿನ ಸೊಪ್ಪು. ಖಾರ? ಇಲ್ಲ. ಬಳ್ಳೊಳ್ಳಿ? ಐತಿ. ಎಣ್ಣಿ? ಎಳ್ಳಿನದು.

“ಮತ್ತ ಕಿವ್ಯಾಗ ಅರಳಿ ಇಟಗೊಂಡೀಯಿಲ್ಲೋ?” ಎಂದಳು. “ಹಸೀ ಬಾಣಂತಿ ನೀ. ಅಂಥಾ ಥಂಡ್ಯಾಗ ಬರೇ ಕಿವೀಲೆ ಕುಂತೀ ಏನು? ಯಾರ್ ಹೇಳಬೇಕವಾ ನಿನಗ? ನಾ ಇಲ್ಲಿ ಅದೀನಿ, ಯಾರ್ ಹೇಳಬೇಕು?”

ಅವಳು ಅಳುತ್ತಲೇ ಬೈಯತೊಡಗಿದಳು. ತಣ್ಣೀರು ಮುಟ್ಟಬೇಡ, ಬಗ್ಗಿ ಕಸ ಹೊಡೆಯಬೇಡ, ಕೂದಲು ಹಸಿ ಬಿಡಬೇಡ. ನಾನು ರಿಸೀವರನ್ನು ಕೈಯಿಂದ ಮುಚ್ಚಿ ರಫೀಕನಿಗೆ ಅರಳೆ ಬೇಕು ಎಂದೆ. ಮನೆಯಲ್ಲಿ ಅರಳೆ ಎಲ್ಲಿಂದ ಬರಬೇಕು? ಅವನು ಅಲ್ಲಿ ಇಲ್ಲಿ ಹುಡುಕಿ, ತಲೆನೋವಿನ ಮಾತ್ರೆಯ ಹೊಸ ಸೀಸೆಯ ಮುಚ್ಚಳ ತೆಗೆದು, ಬಾಯಿಗೆ ತುರುಕಿದ್ದ ಅರಳೆಯನ್ನು ಎಳೆದು ತೆಗೆದ. ಎರಡು ಉಂಡೆ ಮಾಡಿ, ಒಂದನ್ನು ನನ್ನ ಎಡಗಿವಿಗೆ ಇಟ್ಟ. ಫೋನನ್ನು ಆ ಕಡೆಗೆ ಸರಿಸಿ ಬಲಗಿವಿಗೆ ಇನ್ನೊಂದನ್ನು ಇಟ್ಟ. ಅವ್ವನ ದನಿ ಸಣ್ಣದಾಯಿತು, ಮಾತು ಬಿಡಿಬಿಡಿಯಾಗಿ ತಿಳಿಯದಾಯಿತು. ಬೈಯುತ್ತಿದ್ದಾಳೆ ಎಂಬುದಷ್ಟೇ ಕೇಳುತ್ತಿತ್ತು. ಹೂಂ ಅವ್ವಾ, ಹೂಂ ಅವ್ವಾ ಎನ್ನುತ್ತ ಕೂತೆ.